ಊಟ ಯಾರ ಜೊತೆ ಮಾಡಿದೆ?

ಹಲಸೂರಿನ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಒಂದು ಸಣ್ಣ ಲೇಥ್ ಅಂಗಡಿ ಇದೆ. ನಾನು ಪಿ.ಟಿ. ಮೇಷ್ಟ್ರಾಗಿರುವ ಇಂದಿರಾನಗರದ ಶಾಲೆಯಲ್ಲಿ ವಾಲಿಬಾಲ್ ಕಂಬದ ಬೋಲ್ಟು ಸವೆದುಹೋಗಿತ್ತು. ಹೊಸದು ಮಾಡಿಸೋಣವೆಂದು ಹೋದ ವಾರ ಅಲ್ಲಿಗೆ ಹೋಗಿದ್ದೆ. ಒಳಗೆ ಕಾಲಿಡುತ್ತಿದ್ದಂತೆ ಕೂಲೆಂಟಿನ ವಾಸನೆ ಬಂತು. ಲೋಹ ಕಡೆಯುವಾಗ ಬಿಸಿಯಾಗದಿರಲಿ ಎಂದು ಸುರಿಯುವ ಆ ಬಿಳಿ ನೀರು ಹಳತಾದರೆ ಹುಳಿ ಮಜ್ಜಿಗೆಯ ಹಾಗೆ ನಾರುತ್ತದೆ. ಅದಕ್ಕೆ ಸ್ವಲ್ಪ ವಿಭೂತಿಯ ವಾಸನೆ ಸೇರಿಸಿದರೆ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಫೋರ್‌ಮನ್ನು ಎದುರಿಗೆ ಬಂದು ನಿಂತಂತೆಯೇ. ಅಂಗಡಿಯವನು ಎರಡು ಸಲ ಅಳತೆ ಕೇಳಿದ ಮೇಲೆ ನನಗೆ ಎಚ್ಚರವಾಯಿತು.

ನಮ್ಮದು ಕೆ.ಆರ್. ಪುರದ ಆಚೆಯ ಹಳ್ಳಿ. ನನಗೆ ಬುದ್ಧಿ ಬರುವ ಹೊತ್ತಿಗೆ ಹೊಲಗಳೆಲ್ಲ ಸೈಟುಗಳಾಗಿದ್ದವು. ಇನ್ನೂ ಮನೆ ಏಳದ ಸೈಟುಗಳಲ್ಲಿ ನಾವು ನೆಟ್ ಕಟ್ಟಿ ವಾಲಿಬಾಲ್ ಆಡುತ್ತಿದ್ದೆವು. ನನಗೆ ಓದು ಅಷ್ಟಕ್ಕಷ್ಟೆ, ಆದರೆ ಎಗರಿ ಹೊಡೆಯುವುದು ಚೆನ್ನಾಗಿ ಬರುತ್ತಿತ್ತು. ಆ ಎಗರಾಟದಿಂದಲೇ ವಿಮಾನಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಸ್ಪೋರ್ಟ್ಸ್ ಕೋಟಾದ ಕೆಲಸ ಸಿಕ್ಕಿತು. ಎರಡು ವರ್ಷ ಟೆಂಪರರಿ. ಅಷ್ಟರೊಳಗೆ ಕಾರ್ಖಾನೆಗಳ ಟೂರ್ನಮೆಂಟಿನಲ್ಲಿ ಆಡಿ ತೋರಿಸಿದರೆ ಪರ್ಮನೆಂಟ್. ಅಮ್ಮ ಮಾತ್ರ ಮೊದಲ ದಿನವೇ ಪರ್ಮನೆಂಟ್ ಆಯಿತೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಆಟಗಾರರಿಗೆ ಮಧ್ಯಾಹ್ನ ಎರಡಕ್ಕೆ ಬಿಡುಗಡೆ. ಫೋರ್‌ಮನ್ ಸಹಿ ಹಾಕಿದ ಗೇಟ್ ಪಾಸ್ ತೋರಿಸಿ ಹೊರಗೆ ಹೋಗಿ ಪ್ರಾಕ್ಟೀಸ್ ಮಾಡಬೇಕು. ನಾನು ಬಿಟ್ಟುಹೋದ ಕೆಲಸವನ್ನು ಸೆಕ್ಷನ್ನಿನ ಉಳಿದವರು ಮುಗಿಸಬೇಕು. ಅವರಿಗೆ ನನ್ನನ್ನು ಕಂಡರೆ ಹೇಗಿರಬೇಡ. ನಾನು ಬ್ಯಾಗ್ ಹೆಗಲಿಗೇರಿಸಿದ ಕೂಡಲೇ ಯಾರಾದರೊಬ್ಬರು ಸಾಹೇಬ್ರು ಹೊರಟ್ರು ಎನ್ನುತ್ತಿದ್ದರು. ಯಂತ್ರಗಳ ಸದ್ದಿನಲ್ಲೂ ಅದು ಮಾತ್ರ ನನ್ನ ಕಿವಿಗೆ ಸರಿಯಾಗಿ ಬೀಳುತ್ತಿತ್ತು. ಮಹಡಿಯ ಮೇಲಿನ ಕ್ಯಾಂಟೀನಿನಲ್ಲಿ ನಾನೊಬ್ಬನೇ ಮೂಲೆಯಲ್ಲಿ ಕೂತು ಉಣ್ಣುತ್ತಿದ್ದೆ. ಸಂಜೆ ಗ್ರೌಂಡಿನಲ್ಲಿ ಕೈ ಏಳುತ್ತಿರಲಿಲ್ಲ. ಊರಿನಲ್ಲಿ ಕಣ್ಣುಮುಚ್ಚಿ ಹೊಡೆಯುತ್ತಿದ್ದ ಚೆಂಡು ಇಲ್ಲಿ ನೆಟ್ಟಿಗೆ ಹೋಗಿ ಬೀಳುತ್ತಿತ್ತು.

ಫೋರ್‌ಮನ್ನು ಮರ್ಫಿ ಟೌನಿನವರು. ಮನೆಯಲ್ಲಿ ತಮಿಳು, ನಮ್ಮೊಡನೆ ಕನ್ನಡ, ಸಿಟ್ಟು ಬಂದರೆ ಎರಡೂ ಇಲ್ಲ, ಬರೀ ಮೌನ. ನಾನು ಗೇಟ್ ಪಾಸ್ ಮುಂದಿಟ್ಟರೆ ಅವರು ಪೆನ್ನಿನ ಕ್ಯಾಪ್ ತೆಗೆಯುವ ಮೊದಲು ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಊಟ ಯಾರ ಜೊತೆ ಮಾಡ್ದೆ, ತಂಬಿ?"

ಒಬ್ಬನೇ ಸಾರ್ ಎಂದರೆ ಪಾಸನ್ನು ಪಕ್ಕಕ್ಕಿಟ್ಟು ಹತ್ತು ನಿಮಿಷ ಕಾಯಿಸುತ್ತಿದ್ದರು. ಯಾಕೆ ಎಂದು ಹೇಳುತ್ತಿರಲಿಲ್ಲ. ಯೂನಿಯನ್ನಿನಲ್ಲಿ ಯಾರು ಯಾರ ಕಡೆ ಎಂದು ತಿಳಿದುಕೊಳ್ಳಲು ನನ್ನಿಂದ ಸುದ್ದಿ ತೆಗೆಯುತ್ತಿದ್ದಾರೆ ಎಂದೇ ನಾನು ಬಹಳ ದಿನ ನಂಬಿದ್ದೆ. ಆ ಹತ್ತು ನಿಮಿಷಕ್ಕೆ ಕೋಚ್ ಬೈಯುತ್ತಿದ್ದರು. ಕೊನೆಗೆ ಬೇಸತ್ತು, ಲೇಥ್ ಮೇಲೆ ಕೆಲಸ ಮಾಡುತ್ತಿದ್ದ ಒಬ್ಬ ಅಣ್ಣನ ಎದುರು ತಟ್ಟೆ ಹಿಡಿದು ಕೂತೆ. ಅವರು ಮೊದಲ ದಿನ ಮಾತಾಡಲಿಲ್ಲ. ಎರಡನೇ ದಿನ ಉಪ್ಪಿನಕಾಯಿ ತಳ್ಳಿದರು. ತಿಂಗಳೊಳಗೆ ನಮ್ಮದು ಆರು ಜನರ ಮೇಜಾಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಅವರಲ್ಲಿ ನಾಲ್ಕು ಜನ ನನ್ನ ಮ್ಯಾಚ್ ನೋಡಲು ಬಂದು ಗಂಟಲು ಹರಿಯುವಂತೆ ಕೂಗಿದರು. ಆ ದಿನ ನಾನು ಹೇಗೆ ಆಡಿದೆನೆಂದು ನಾನೇ ಹೇಳಿದರೆ ಜಂಬವಾಗುತ್ತದೆ... ಚೆನ್ನಾಗಿಯೇ ಆಡಿದೆ.

ಎರಡನೇ ವರ್ಷ ಟೂರ್ನಮೆಂಟಿನ ಫೈನಲ್‌ಗೆ ಹದಿನೈದು ದಿನ ಇರುವಾಗ ಎಗರಿ ಇಳಿಯುವಾಗ ಬಲಗಾಲು ಸೊಟ್ಟ ಬಿತ್ತು. ಮೊಣಕಾಲೊಳಗೆ ಏನೋ ಸರಕ್ ಎಂದಿತು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಪರ್ಮನೆಂಟ್ ಕೈತಪ್ಪುತ್ತದೆ. ಪ್ಯಾಂಟಿನೊಳಗೆ ಬಟ್ಟೆ ಬಿಗಿದು ನೆಟ್ಟಗೆ ನಡೆಯಲು ಕಲಿತೆ. ಗ್ರೌಂಡಿನಲ್ಲಿ ಎಗರದೆ ನಿಂತಲ್ಲೇ ಆಡಿ ಹೇಗೋ ದಿನ ತಳ್ಳಿದೆ. ಮೆಟ್ಟಿಲು ಮಾತ್ರ ಹತ್ತಲಾಗುತ್ತಿರಲಿಲ್ಲ. ಹಾಗಾಗಿ ಕ್ಯಾಂಟೀನು ಬಿಟ್ಟು, ಸ್ಟೋರಿನ ಹಿಂದೆ ಹೊಂಗೆ ಮರದ ಕೆಳಗೆ ಡಬ್ಬಿ ಊಟ ಮಾಡತೊಡಗಿದೆ. ಕ್ಯಾಂಟೀನಿನ ಎಣ್ಣೆ ಹೊಟ್ಟೆಗೆ ಆಗುತ್ತಿಲ್ಲ ಎಂದು ನಮ್ಮ ಮೇಜಿನವರಿಗೆ ಹೇಳಿದೆ. ಫೋರ್‌ಮನ್ ಕೇಳಿದರೆ ದಿನಾ ಲೇಥಿನ ಅಣ್ಣನ ಹೆಸರು ಹೇಳುತ್ತಿದ್ದೆ, ಅವರು ಸಹಿ ಹಾಕುತ್ತಿದ್ದರು.

ಫೈನಲ್ ದಿನ ಬಂತು. ಸೆಲೆಕ್ಷನ್ ಕಮಿಟಿಯವರು ಅವತ್ತೇ ಬರುವವರಿದ್ದರು. ನಾನು ಪಾಸ್ ಮುಂದಿಟ್ಟೆ. ಪ್ರಶ್ನೆ ಬಂತು, ನಾನು ಎಂದಿನ ಉತ್ತರ ಕೊಟ್ಟೆ. ಅವರು ಪೆನ್ನಿನ ಕ್ಯಾಪ್ ತೆಗೆಯಲೇ ಇಲ್ಲ.

"ಅವ್ನು ಇವತ್ತು ರಜದಲ್ಲಿದಾನೆ. ರಜಾ ಕೊಟ್ಟವ್ನು ನಾನೇ."

ತಪ್ಪಾಯ್ತು ಸಾರ್, ಇವತ್ತೊಂದು ದಿನ ಬಿಡಿ, ನನ್ನ ಜೀವನದ ಪ್ರಶ್ನೆ ಎಂದು ಬೇಡಿಕೊಂಡೆ. ಅವರು ಪಾಸನ್ನು ಮಡಚಿ ಡ್ರಾಯರ್‌ಗೆ ಹಾಕಿದರು.

"ಇವತ್ತು ಹೋಗ್ಬೇಡ. ಇಲ್ಲೇ ಕೂತ್ಕೋ."

ಅಷ್ಟೇ. ಅವರ ಎದುರಿನ ಸ್ಟೂಲಿನ ಮೇಲೆ ಐದು ಗಂಟೆಯ ಸೈರನ್ ಆಗುವವರೆಗೆ ಕೂತಿದ್ದೆ. ಅವರೂ ಎದ್ದುಹೋಗಲಿಲ್ಲ. ನನ್ನ ಬದಲಿಗೆ ಅವರದೇ ಬೀದಿಯ ಇನ್ನೊಬ್ಬ ಟೆಂಪರರಿ ಹುಡುಗ ಆಡಿದ. ಟೀಮು ಗೆದ್ದಿತು. ಅವನು ಪರ್ಮನೆಂಟ್ ಆದ, ನನ್ನ ಅವಧಿ ಮುಗಿಯಿತು.

ತಮ್ಮ ಬೀದಿಯವನನ್ನು ಒಳಗೆ ಹಾಕಿಕೊಳ್ಳಲು ಮುದುಕ ಆಟ ಹೂಡಿದ ಎಂದು ನಮ್ಮ ಮೇಜಿನವರು ಹಲ್ಲು ಕಡಿದರು. ನನಗೂ ಹಾಗೆಯೇ ಅನ್ನಿಸಿತು. ಆದರೆ ಮರುವಾರ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಮೊಣಕಾಲು ಒತ್ತಿ ನೋಡಿ, ಇದರ ಮೇಲೆ ಇನ್ನೊಂದು ಮ್ಯಾಚ್ ಆಡಿದ್ದರೆ ಜೀವಮಾನವಿಡೀ ಕುಂಟುತ್ತಿದ್ದೆ ಎಂದರು. ಹಾಗಾದರೆ ಅದು ಅವರಿಗೆ ಗೊತ್ತಿತ್ತೇ? ಅಥವಾ ಸುಳ್ಳು ಹೇಳಿದ್ದಕ್ಕೆ ಶಿಕ್ಷೆ ಕೊಟ್ಟರೇ? ಗೊತ್ತಿದ್ದರೆ ಬಾಯಿಬಿಟ್ಟು ಹೇಳಲು ಏನಾಗಿತ್ತು? ಕೊನೆಯ ದಿನ ನನ್ನ ಕೊನೆಯ ಪಾಸಿಗೆ ಅವರು ಏನೂ ಕೇಳದೆ ಸಹಿ ಹಾಕಿದರು. ಕೆಲಸ ಹೋದದ್ದಕ್ಕಿಂತ ಅವತ್ತು ಅವರು ಆ ಪ್ರಶ್ನೆ ಕೇಳದಿದ್ದದ್ದೇ ನನಗೆ ಹೆಚ್ಚು ನೋವು ಕೊಟ್ಟಿತು.

ಆಮೇಲೆ ಹದಿನೈದು ವರ್ಷ ಮರ್ಫಿ ಟೌನಿನ ಪಕ್ಕದಲ್ಲೇ ಓಡಾಡಿದೆ. ಬಸ್ಸಿಳಿದು ಹೋಗಿ ಕೇಳಬಹುದಿತ್ತು. ಮುಂದಿನ ವಾರ ಹೋದರಾಯಿತು ಎಂದುಕೊಳ್ಳುತ್ತಲೇ ಇದ್ದೆ... ಹೋದ ತಿಂಗಳು ಲೇಥಿನ ಅಣ್ಣ ಫೋನ್ ಮಾಡಿ ಫೋರ್‌ಮನ್ ತೀರಿಕೊಂಡರು ಎಂದರು. ನಾನು ಹೋಗುವಷ್ಟರಲ್ಲಿ ತೆಗೆದುಕೊಂಡು ಹೋಗಿಯಾಗಿತ್ತು. ಬೀದಿಯಲ್ಲಿ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗಳಲ್ಲೊಂದರಲ್ಲಿ, ಅವತ್ತು ನನ್ನ ಬದಲಿಗೆ ಆಡಿದವನು ಕೂತಿದ್ದ. ತಲೆ ಅಲ್ಲಲ್ಲಿ ನರೆತಿತ್ತು. ಅವನ ಮೇಲೆ ನನಗೆ ದ್ವೇಷವೇನೂ ಉಳಿದಿರಲಿಲ್ಲ. ಪಕ್ಕದಲ್ಲಿ ಕೂತು, ಅವತ್ತು ಫೋರ್‌ಮನ್ ನಿನಗೆ ಆಡು ಎಂದು ಹೇಳಿದ್ದು ಯಾವಾಗ ಎಂದು ಕೇಳಿದೆ.

"ಬೆಳಿಗ್ಗೇನೇ ಹೇಳಿದ್ರು ಗುರು. ಶೂ ತಗೊಂಡು ಬಾ ಅಂದ್ರು."

ನಾನು ಅವತ್ತಿನ ಸುಳ್ಳು ಹೇಳಿದ್ದು ಮಧ್ಯಾಹ್ನ. ಅಂದರೆ ಅವರು ನನ್ನನ್ನು ತಡೆದದ್ದು ಆ ಸುಳ್ಳಿಗಲ್ಲ. ಯಾಕೆ ಅಂತ ಏನಾದರೂ ಹೇಳಿದರಾ ಎಂದೆ.

"ಅವ್ನ ಕಾಲು ನೋಡೋಕಾಗ್ತಿಲ್ಲ ಅಂದ್ರು. ಹಾಗೇ ಅಂದ್ರು ಅನ್ಸುತ್ತೆ... ಇಲ್ಲ, ನಾನೇ ಆಮೇಲೆ ಹಾಗೆ ಅನ್ಕೊಂಡ್ನೋ ಏನೋ. ನಂಗೂ ಆ ಕೆಲ್ಸ ಬೇಕಿತ್ತಲ್ವಾ?"

ಅವನು ಸುಳ್ಳು ಹೇಳಲಿಲ್ಲ, ಅಷ್ಟು ನನಗೆ ಗೊತ್ತು. ಅವನಿಗೂ ಗೊತ್ತಿರಲಿಲ್ಲ, ಅಷ್ಟೇ. ಗೊತ್ತಿದ್ದವರು ಆ ಮಧ್ಯಾಹ್ನ ನನ್ನ ಎದುರಿಗೇ ಮೂರು ಗಂಟೆ ಕೂತಿದ್ದರು. ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ಶಾಲೆಯ ಗ್ರೌಂಡಿನಲ್ಲಿ ಹೊಸ ಬೋಲ್ಟು ಹಾಕಿ ನೆಟ್ ಬಿಗಿದಾಗಿದೆ. ಮಕ್ಕಳು ಆಡುತ್ತಾರೆ, ನಾನು ಸೀಟಿ ಊದುತ್ತೇನೆ. ಮೊಣಕಾಲು ಗಟ್ಟಿಯಾಗಿದೆ, ದಿನಾ ಮೂರು ಮಹಡಿ ಹತ್ತುತ್ತೇನೆ. ಅವರು ಒಂದು ಮಾತು ಹೇಳಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆನೋ, ಮನೆ ಮುಂದೆ ನಿಂತು ಬೈದು ಬರುತ್ತಿದ್ದೆನೋ, ಎರಡರಲ್ಲಿ ಒಂದನ್ನು ಮಾಡಿ ಮುಗಿಸುತ್ತಿದ್ದೆ. ಈಗ ಅಳು ಬರುತ್ತದೆ, ಅದು ಯಾವುದಕ್ಕೆಂದು ತಿಳಿಯುವುದಿಲ್ಲ.