ಗರಗಸದ ನಡುಕ ಬಿಡಿಸುವ ಚೌಡ ನಾಯ್ಕರು

ಬೆಳಿಗ್ಗೆ ಆರೂವರೆ. ಸಿರ್ಸಿಯಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಬಾಗಿಲು, ಕಿಟಕಿ ಮಾಡುವ ಒಂದು ಶೆಡ್ಡು. ಒಳಗೆ ಗರಗಸದ ಟೇಬಲ್ಲಿನಡಿ ಚೌಡ ನಾಯ್ಕರು ಅಂಗಾತ ಮಲಗಿದ್ದಾರೆ. ಅವರ ಬಗ್ಗೆ ಬರೆಯಲು ಬಂದ ನನಗೆ ಕಾಣುವುದು ಅವರ ಎರಡು ಕಾಲು, ಕೇಳುವುದು ಬೈಗುಳ.

"ಟೇಬಲ್ಲಿನ ಕಾಲಿನಡಿಗೆ ಈ ಮರದ ಚಕ್ಕೆ ತುರುಕಿದವ್ರು ಯಾರು? ಮಶೀನಿಗೆ ಜ್ವರ ಬಂದ್ರೆ ಮಂಚದ ಕಾಲಿಗೆ ಔಷಧಿ ಹಾಕ್ತ್ರಾ?"

ಕೇಳಿದ್ದು ಶೆಡ್ಡಿನ ಮಾಲೀಕ ರಘುಪತಿ ಹೆಗಡೆಯವರನ್ನು. ಟೇಬಲ್ಲು ನಡುಗಲು ಶುರುವಾಗಿ ಇಪ್ಪತ್ತು ದಿನವಾಗಿದೆ. ಅವರು ಬ್ಲೇಡು ಎರಡು ಸಲ ಬದಲಿಸಿದ್ದಾರೆ, ಬೆಲ್ಟು ಬಿಗಿ ಮಾಡಿದ್ದಾರೆ, ಕರೆಂಟಿನವರನ್ನು ಬೈದಿದ್ದಾರೆ. ಗರಗಸಕ್ಕೆ ಹಲಗೆ ಕೊಡುತ್ತಿದ್ದ ಕೆಲಸಗಾರ ಹೆದರಿ ಬಿಟ್ಟುಹೋಗಿದ್ದಾನೆ. ಈಗ ಆ ಜಾಗದಲ್ಲಿ ನಿಲ್ಲುವವಳು ಸೀತಾ. ಕುಯ್ದ ಹಲಗೆಯನ್ನು ಆಚೆ ಬದಿಯಿಂದ ಎಳೆದುಕೊಳ್ಳುವುದಷ್ಟೇ ಮೊದಲು ಅವಳ ಕೆಲಸವಾಗಿತ್ತು.

ತ್ರೀಫೇಸ್ ಕರೆಂಟು ಇರುವುದು ಒಂಬತ್ತೂವರೆಯ ತನಕ ಮಾತ್ರ. ಚೌಡ ನಾಯ್ಕರು ಎದ್ದು ಬೆಲ್ಟು ಕಳಚುತ್ತಾರೆ, ಬರಿಯ ಮೋಟಾರು ಓಡಿಸುತ್ತಾರೆ. ಸಣ್ಣಗೆ ಗುಂಯ್ ಎನ್ನುತ್ತದೆ, ನಡುಕವಿಲ್ಲ. ಮೋಟಾರು ಚೆನ್ನಾಗಿದೆ. ಬ್ಲೇಡು ತೆಗೆದಿಟ್ಟು, ಬೆಲ್ಟು ಹಾಕಿ ಓಡಿಸುತ್ತಾರೆ. ಆಗಲೂ ತಕರಾರಿಲ್ಲ. ಬ್ಲೇಡು ಹಾಕಿ ಖಾಲಿ ಓಡಿಸಿದರೂ ಇಲ್ಲ.

"ಈಗ ನೀ ಬಂದೆ ಹೇಳಿ ಮಶೀನು ಸುಮ್ನಾತು ನೋಡು," ಎನ್ನುತ್ತಾರೆ ರಘುಪತಿ ಹೆಗಡೆ.

"ಅದಕ್ಕೆ ನನ್ನ ಗುರ್ತಿಲ್ಲ ಹೆಗಡೇರೆ." ಚೌಡ ನಾಯ್ಕರು ಸೀತಾಳ ಕಡೆ ತಿರುಗುತ್ತಾರೆ. "ತಂಗೀ, ನೀ ಹೇಳು. ಯಾವಾಗ ಶುರು ಆಗ್ತದೆ?"

ಸೀತಾ ಮೊದಲು ಮಾಲೀಕರ ಮುಖ ನೋಡುತ್ತಾಳೆ. ಆಮೇಲೆ ಹೇಳುತ್ತಾಳೆ: "ಮೊದ್ಲು ಸಮಾ ಇರ್ತದೆ. ದಪ್ಪ ಹಲಗೆ ನಾಕೈದು ಕುಯ್ದ ಮೇಲೆ ನಡುಗ್ತದೆ. ಬಂದ್ ಮಾಡಿದಾಗ ನಿಲ್ಲೂಕಿಂತ ಮುಂಚೆ ಒಳಗೆ ಟಕ್ ಟಕ್ ಅಂತದೆ. ಮನೆಗೆ ಹೋದ್ರೂ ನನ್ ಕೈ ಜುಂ ಅಂತಾನೇ ಇರ್ತದೆ."

"ಇದ್ನ ಇವ್ರಿಗೆ ಹೇಳ್ಲಿಲ್ವಾ?"

"ನನ್ನ ಯಾರು ಕೇಳ್ಯಾರೆ?"

ಚೌಡ ನಾಯ್ಕರು ಹಣೆ ಚಚ್ಚಿಕೊಳ್ಳುತ್ತಾರೆ. "ಇಪ್ಪತ್ತು ದಿನ! ದಿನಾ ಅದರ ಮೇಲೆ ಕೈ ಇಟ್ಟವಳು ಇಲ್ಲೇ ಇದಾಳೆ, ಇವ್ರು ಬ್ಲೇಡ್ ತರೂಕೆ ಹುಬ್ಬಳ್ಳಿಗೆ ಹೋಗಿದ್ರು!"

ಕೋಲಸಿರ್ಸಿಯ ಚೌಡ ನಾಯ್ಕರಿಗೆ ಈಗ ಐವತ್ತೊಂದು ವರ್ಷ. ಎರಡು ಎಕರೆ ಗದ್ದೆ ಇದೆ. ಹೆಗಲಿನ ಒಂಬತ್ತು ಕಿಲೋ ತೂಕದ ಚೀಲದಲ್ಲಿ ಪಾನಾ, ಅರ, ನೂಲುಂಡೆ, ಒಂದು ಟಾರ್ಚು. ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ತಿಂಗಳಿಗೆ ಹತ್ತು ಹನ್ನೆರಡು ಗರಗಸ ನೋಡುತ್ತಾರೆ. ಕೆಲವು ದಿನ ಬಸ್ಸಿನಲ್ಲೇ ಐದಾರು ತಾಸು ಕಳೆಯುತ್ತದೆ. ಇದನ್ನು ಅವರು ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಕಲಿತದ್ದಕ್ಕೆ ಒಂದು ಕಾರಣವಿದೆ. ಅದನ್ನು ಹೇಳುವಾಗ ಅವರ ಸಿಟ್ಟು ತಮ್ಮ ಮೇಲೆಯೇ, ಬೇರೆ ಯಾರ ಮೇಲೂ ಅಲ್ಲ.

ಅದು ೧೯೯೩. ಅವರಾಗ ಒಂದು ಮರದ ಮಿಲ್ಲಿನಲ್ಲಿ ಗರಗಸ ನಡೆಸುತ್ತಿದ್ದರು. "ಮೂರು ದಿನ ಹೇಳ್ದೆ, ಇದು ನಡುಗ್ತದೆ, ನಿಲ್ಸಿ ನೋಡ್ವ ಅಂತ. ಕುಯ್ತದಲಾ, ಸಾಕು ಅಂದ್ರು ಮಾಲೀಕರು. ನಾಲ್ಕನೇ ದಿನ ನಾ ಅದ್ರ ಎದುರು ನಿಲ್ಲೂದಿಲ್ಲ ಅಂದೆ. ಅವ್ರು ಶಂಕ್ರಪ್ಪನ್ನ ನಿಲ್ಸಿದ್ರು."

ಶಂಕ್ರಪ್ಪ ಹಾವೇರಿ ಕಡೆಯವರು, ಕೆಲಸಕ್ಕೆ ಸೇರಿ ಎರಡು ವಾರವಷ್ಟೇ ಆಗಿತ್ತು. ಮಧ್ಯಾಹ್ನದ ಊಟಕ್ಕೆ ಮುಂಚೆ ಹಲಗೆ ಹಿಂದಕ್ಕೆ ಚಿಮ್ಮಿ ಅವರ ಬಲಗೈಯ ಎರಡು ಬೆರಳು ಹೋದವು.

"ನಾ ಅಲ್ಲೇ ಹಲಗೆ ಜೋಡಿಸ್ತಾ ಇದ್ದೆ. ನಿಲ್ಬ್ಯಾಡ ಅಂತ ಒಂದ್ ಮಾತು ಹೇಳೂಕೆ ಬಾಯಿ ಬರ್ಲಿಲ್ಲ. ಹೇಳಿದ್ರೆ ನನ್ ಕೆಲಸ ಹೋಗ್ತಿತ್ತು. ನನ್ ಕೈ ಉಳಿಸ್ಕಂಡು ಸುಮ್ನಿದ್ದೆ."

ಮೂರು ತಿಂಗಳ ನಂತರ ಶಂಕ್ರಪ್ಪ ಮಿಲ್ಲಿಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ: "ನಿನಗ ಗೊತ್ತಿತ್ತೇನಪಾ?" ಚೌಡ ನಾಯ್ಕರು ಹೌದು ಎಂದರು. ಶಂಕ್ರಪ್ಪ ಹೊರಟುಹೋದರು. ಆ ವಾರವೇ ಚೌಡ ನಾಯ್ಕರು ಕೆಲಸ ಬಿಟ್ಟು, ಸಿರ್ಸಿಯ ಅಕ್ಕಿಗಿರಣಿಯ ಫಿಟ್ಟರೊಬ್ಬರ ಕೈಕೆಳಗೆ ಸೇರಿಕೊಂಡರು. ಎರಡು ವರ್ಷ ಅಲ್ಲಿ ಬಿಚ್ಚಿ ಜೋಡಿಸಿದ್ದೇ ಅವರ ಓದು.

ಶೆಡ್ಡಿನಲ್ಲಿ ಈಗ ಬೆಲ್ಟು ಓಡುವ ಪುಲ್ಲಿ ಹೊರಗೆ ಬಂದಿದೆ. ಪುಲ್ಲಿ ಬ್ಲೇಡು ತಿರುಗಿಸುವ ಶಾಫ್ಟಿನ ಮೇಲೆ ಜಾರದಂತೆ ಎರಡರ ನಡುವೆ ಕೀ ಎಂಬ ಚೌಕದ ಕಬ್ಬಿಣದ ತುಂಡು ಕೂತಿರಬೇಕು. ಅದರ ಜಾಗದಲ್ಲಿ ಸಿಕ್ಕಿದ್ದು ತುದಿ ಕತ್ತರಿಸಿದ ಒಂದು ಮೊಳೆ. ಖಾಲಿ ಓಡುವಾಗ ಅದು ತಡೆಯುತ್ತದೆ. ದಪ್ಪ ಹಲಗೆಯ ಭಾರ ಬಿದ್ದಾಗ ಪುಲ್ಲಿ ಅಲ್ಲಾಡುತ್ತದೆ, ಟೇಬಲ್ಲು ನಡುಗುತ್ತದೆ.

"ಮೊಳೆ!" ಚೌಡ ನಾಯ್ಕರು ಅದನ್ನು ಬೆಳಕಿಗೆ ಹಿಡಿಯುತ್ತಾರೆ. "ಹೆಗಡೇರೆ, ಇದು ಕ್ಯಾಲೆಂಡರ್ ತೂಗು ಹಾಕೂ ಜಾಗವಾ?"

"ಕೀ ಕಳದು ಹೋಗಿತ್ತೋ ಮಾರಾಯಾ. ಅವತ್ತು ಅರ್ಜೆಂಟಿತ್ತು," ಎನ್ನುವ ಹೆಗಡೆಯವರ ದನಿ ಸಣ್ಣದಾಗುತ್ತದೆ.

ಕಬ್ಬಿಣದ ತುಂಡೊಂದನ್ನು ಅರದಿಂದ ಉಜ್ಜಿ ಉಜ್ಜಿ ಅಳತೆಗೆ ತರಲು ಮುಕ್ಕಾಲು ತಾಸು ಹಿಡಿಯುತ್ತದೆ. ಅಷ್ಟೂ ಹೊತ್ತು ಗೊಣಗಾಟ ನಿಲ್ಲುವುದಿಲ್ಲ. ಆದರೆ ಕೈಗೆ ಆತುರವಿಲ್ಲ. ಕೀ ಕೂರಿಸಿ, ಎರಡೂ ಪುಲ್ಲಿ ಒಂದೇ ಸಾಲಿಗೆ ಬಂದಿವೆಯೇ ಎಂದು ನೂಲು ಹಿಡಿದು ನೋಡಿ, ಬೆಲ್ಟು ಹಾಕುತ್ತಾರೆ. ಮೊದಲ ಆರು ದಪ್ಪ ಹಲಗೆಗಳನ್ನು ತಾವೇ ಕುಯ್ಯುತ್ತಾರೆ. ಏಳನೆಯದನ್ನು ಸೀತಾ ಕೇಳಿ ತೆಗೆದುಕೊಳ್ಳುತ್ತಾಳೆ. ಕುಯ್ದು ಮುಗಿಸಿ, ಬಂದ್ ಮಾಡಿ, ಬ್ಲೇಡು ನಿಲ್ಲುವ ತನಕ ಕಿವಿಗೊಡುತ್ತಾಳೆ.

"ಟಕ್ ಇಲ್ಲ," ಎನ್ನುತ್ತಾಳೆ.

ಚೌಡ ನಾಯ್ಕರು ಅವಳನ್ನು ಗೋಡೆಯ ಸ್ವಿಚ್ಚಿನ ಹತ್ತಿರ ಕರೆದು, ಮಾಲೀಕರಿಗೂ ಕೇಳುವ ಹಾಗೆ ಹೇಳುತ್ತಾರೆ: "ಮತ್ತೆ ನಡುಗ್ತೋ, ಇದ್ನ ಒತ್ತಿ ಬಂದ್ ಮಾಡು. ಯಾರ ಅಪ್ಪಣೆನೂ ಕೇಳಬ್ಯಾಡ." ಅವರು ರಘುಪತಿ ಹೆಗಡೆಯವರನ್ನೇ ನೋಡುತ್ತ ನಿಲ್ಲುತ್ತಾರೆ. ಹೆಗಡೆಯವರು "ಆತು, ಒತ್ತಲಿ," ಎನ್ನುವ ತನಕ ಚೀಲ ಎತ್ತುವುದಿಲ್ಲ.

ರಸ್ತೆಬದಿಯಲ್ಲಿ ಊರಿಗೆ ಮರಳುವ ಬಸ್ಸು ಕಾಯುವಾಗ ಏನಾದರೂ ಆಸೆ ಉಂಟೇ ಎಂದು ಕೇಳುತ್ತೇನೆ. ಪ್ರಶ್ನೆಗೇ ಅವರಿಗೆ ರೇಗುತ್ತದೆ.

"ಎಂತ ಆಸೆ ಮಾರಾಯ್ರೆ? ಭತ್ತದ ನೆಟ್ಟಿ ಅರ್ಧಕ್ಕೇ ನಿಂತದೆ. ಹೆಂಡ್ತಿ ನಾಗಿ ಗದ್ದೇಲಿ ನಿಂತು ನನ್ನ ಬೈತಾ ಇದಾಳೆ. ಇದೊಂದು ವಾರ ಮೂರು ತಾಲೂಕಿನ ಗರಗಸ ಎಲ್ಲಾ ಸುಮ್ನಿದ್ರೆ ಸಾಕು."

ಅಷ್ಟರಲ್ಲಿ ರಘುಪತಿ ಹೆಗಡೆ ಶೆಡ್ಡಿನಿಂದ ಕೂಗುತ್ತಾರೆ: "ಚೌಡಾ, ಯಲ್ಲಾಪುರದಿಂದ ಫೋನು! ಅಲ್ಲೊಂದು ನಡುಗ್ತಡಾ!"

"ಅದ್ರೆದುರು ಯಾರನ್ನೂ ನಿಲ್ಸಬ್ಯಾಡಿ ಅನ್ನಿ!" ಎಂದು ಚೌಡ ನಾಯ್ಕರು ತಿರುಗಿ ಕೂಗುತ್ತಾರೆ. ನಾಗಿಗೆ ಏನು ಹೇಳುವುದೆಂದು ಗೊಣಗುತ್ತ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಾರೆ. ಆಮೇಲೆ ರಸ್ತೆ ದಾಟಿ, ಯಲ್ಲಾಪುರದ ಬಸ್ಸು ನಿಲ್ಲುವ ಬದಿಗೆ ಹೋಗಿ ನಿಲ್ಲುತ್ತಾರೆ.