ಹಳೇ ವಿಳಾಸ ಒರೆಸಿದ್ದು
ಆ ಬೆಳಿಗ್ಗೆ ಮಗಳ ಡಬ್ಬಿಗೆ ಚಿತ್ರಾನ್ನ ತುಂಬಿ ಕಳಿಸಿ, ಲ್ಯಾಪ್‌ಟಾಪ್ ಮುಂದೆ ಕುಳಿತೆ. ಆನ್‌ಲೈನ್ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ತರಗತಿಗೆ ಸಂಜೆ ಐದರೊಳಗೆ ಪ್ರೋಗ್ರಾಂ ಕಳಿಸದಿದ್ದರೆ ನನಗೆ ಸರ್ಟಿಫಿಕೇಟ್ ಇಲ್ಲ. ಪೈಥಾನ್ ಎಂದು ಟೈಪ್ ಮಾಡಿದರೆ, ಆ ಹೆಸರಿನದು ಗೊತ್ತೇ ಇಲ್ಲ ಎಂದಿತು ಕಪ್ಪು ಪರದೆ.

ತರಗತಿಯ ಮೇಷ್ಟ್ರಿಗೆ ಫೋನ್ ಮಾಡಿದೆ. "ಪಾತ್ ಅನ್ನೋ ಪಟ್ಟೀಲಿ ಬರೆದಿರೋ ವಿಳಾಸಗಳಲ್ಲಿ ಮಾತ್ರ ಕಂಪ್ಯೂಟರ್ ಹುಡುಕೋದು ಮೇಡಂ. ಪೈಥಾನ್ ಫೋಲ್ಡರ್ ವಿಳಾಸಾನೂ ಅಲ್ಲಿ ಸೇರ್ಸಿ" ಎಂದರು.

ಆ ಪಟ್ಟಿ ತೆರೆದರೆ ಅಲ್ಲಿ ಯಾರೋ ಬರೆದ ಉದ್ದುದ್ದ ಸಾಲುಗಳು. ಬೋರ್ಡ್ ಪೂರ್ತಿ ಒರೆಸಿದ ಮೇಲೇ ಹೊಸದು ಬರೆಯಬೇಕೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ಎಲ್ಲ ಒರೆಸಿ, ನೀಟಾಗಿ ಒಂದೇ ವಿಳಾಸ ಬರೆದೆ. ಪೈಥಾನ್ ಓಡಿತು. ಆದರೆ ಪ್ರೋಗ್ರಾಂ ಕಳಿಸಲು ಬೇಕಾದ ಗಿಟ್ ಮಾಯವಾಗಿತ್ತು. ಮತ್ತೆ ಫೋನ್ ಮಾಡಿದೆ.

"ಹಳೇ ಸಾಲುಗಳು?" ಎಂದರು ಮೇಷ್ಟ್ರು.

"ಕ್ಲೀನ್ ಮಾಡ್ದೆ ಸರ್."

"ಹೊಸ ಸೊಸೆ ಬಂದ್ಲು ಅಂತ ಮನೇಲಿದ್ದೋರನ್ನೆಲ್ಲ ಆಚೆ ಕಳಿಸ್‌ಬಿಟ್ರಲ್ಲ ಮೇಡಂ."

ಅವರು ತಮ್ಮ ಕಂಪ್ಯೂಟರ್ ನೋಡಿಕೊಂಡು ಫೋನಿನಲ್ಲೇ ಒಂದೊಂದೇ ಹಳೇ ವಿಳಾಸ ಹೇಳಿದರು. ತಪ್ಪಾಗಬಾರದೆಂದು ನಾನೂ ಪ್ರತಿಯೊಂದನ್ನು ಜೋರಾಗಿ ಒಪ್ಪಿಸುತ್ತಾ ಟೈಪ್ ಮಾಡಿದೆ. ಐದಕ್ಕೆ ಹತ್ತು ನಿಮಿಷವಿದ್ದಾಗ ಪ್ರೋಗ್ರಾಂ ಹೋಯಿತು.

ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ಕೇಳಿದರು: "ಅಷ್ಟೊತ್ತು ಕೂಗಿ ಕೂಗಿ ಅಡ್ರೆಸ್ ಹೇಳ್ತಿದ್ರಲ್ಲಕ್ಕ, ಕೊರಿಯರ್‌ನೋನು ಕೊನೆಗೂ ಬಂದ್ನಾ?"