ಸರ್ವಮಂಗಳಾಳ ಸೋಪಿನ ನೊರೆ

ಟಿ. ನರಸೀಪುರದಿಂದ ನಂಜನಗೂಡಿಗೆ ಸೊಸೆಯಾಗಿ ಬಂದ ಸರ್ವಮಂಗಳಾಗೆ ನಗು ಬಂದರೆ ಮುಗಿಯಿತು, ಅವಳಿಂದಲೇ ತಡೆಯಲಾಗುತ್ತಿರಲಿಲ್ಲ. ತೊಂಬತ್ತೆಂಟರಲ್ಲಿ ಮನೆಗೆ ಗ್ಯಾಸ್ ಬಂದಾಗ ಅವಳಿಗಿಂತ ಹೆಚ್ಚು ಹಿಗ್ಗಿದವರು ಅತ್ತೆ ಪುಟ್ಟಬಸಮ್ಮ. ಅವರಿಗಿದ್ದ ಕೊರಗು ಒಂದೇ: ಒಲೆ ಅಡುಗೆಮನೆಯಲ್ಲಿ, ಟಿವಿ ನಡುಮನೆಯಲ್ಲಿ. ಧಾರಾವಾಹಿ ನೋಡುತ್ತಾ ರೊಟ್ಟಿ ಸುಡುವುದು ಹೇಗೆ?

ಮಾವ ಬಸವಯ್ಯ ಉಪಾಯ ಮಾಡಿದರು. ಗ್ಯಾಸಿನ ಪೈಪಿಗೆ ತೋಟದ ಹಸಿರು ಪೈಪು ಸೇರಿಸಿ, ಕೂಡಿದ ಕಡೆ ಸೈಕಲ್ ಟ್ಯೂಬು ಸುತ್ತಿ, ಗೋಡೆಯ ತೂತಿನಲ್ಲಿ ತೂರಿಸಿ, ಒಲೆಯನ್ನು ಟಿವಿಯ ಮುಂದೆ ನೆಲದ ಮೇಲೆ ಕೂರಿಸಿದರು. ಪುಟ್ಟಬಸಮ್ಮ ಅದಕ್ಕೆ ವಿಭೂತಿಯನ್ನೂ ಹಚ್ಚಿದರು.

ಮರುದಿನ ಬಟ್ಟೆ ಒಗೆಯುತ್ತಿದ್ದ ಸರ್ವಮಂಗಳಾಗೆ ಕೆಟ್ಟ ವಾಸನೆ ಬಡಿಯಿತು. ಬಕೆಟ್ಟು ಹಿಡಿದೇ ನಡುಮನೆಗೆ ಬಂದಳು.

"ಮೂಲಂಗಿ ಸಾರು ಕಣವ್ವಾ," ಎಂದರು ಅತ್ತೆ.

"ಇರ್ರವ್ವಾ, ಕಡ್ಡಿ ಗೀರಿ ನೋಡ್ತೀನಿ, ಎಲ್ಲಿಂದ ಬತ್ತದೆ ಅಂತ," ಎಂದು ಮಾವ ಬೆಂಕಿಪೊಟ್ಟಣ ತೆಗೆದರು.

ಸರ್ವಮಂಗಳಾ ಕೈಲಿದ್ದ ಸೋಪಿನ ನೀರಿನ ಬಕೆಟ್ಟನ್ನು ಪೂರ್ತಿ ಅವರ ಮೇಲೆ ಸುರಿದುಬಿಟ್ಟಳು!

"ಅಯ್ಯೋ, ಸೊಸೆ ನಂಗೇ ಅಭಿಷೇಕ ಮಾಡ್ಬುಟ್ಲು ಕಣೇ!"

"ಸ್ವಿಚ್ ಮುಟ್ಬೇಡಿ, ಆಚೆ ನಡೀರಿ!" ಎನ್ನುತ್ತಾ ಅವಳು ಓಡಿ ರೆಗ್ಯುಲೇಟರ್ ಮುಚ್ಚಿದಳು, ಬಾಗಿಲು ಕಿಟಕಿಗಳನ್ನೆಲ್ಲ ತೆರೆದಳು. ವಾಸನೆ ಪೂರ್ತಿ ಹೋದ ಮೇಲೆ ಪೈಪು ಕೂಡಿದ ಕಡೆ ನೊರೆ ಬಳಿದು, ಒಂದೇ ಒಂದು ಗಳಿಗೆ ಗ್ಯಾಸ್ ಬಿಟ್ಟಳು. ನೊರೆ ಉಬ್ಬಿತು, ನಿಂಬೆಹಣ್ಣಿನಷ್ಟಾಯಿತು, ಬಗ್ಗಿ ನೋಡುತ್ತಿದ್ದ ಮಾವನ ಮೂಗಿನ ಮೇಲೆ ಟಪ್ಪೆಂದು ಒಡೆಯಿತು. ಮೊದಲು ನಕ್ಕವರು ಪುಟ್ಟಬಸಮ್ಮ. ಬಸವಯ್ಯ ಒದ್ದೆ ಬೆಂಕಿಪೊಟ್ಟಣವನ್ನೇ ನೋಡಿದರು, ಮೆಲ್ಲಗೆ ಜಗಲಿಯ ಮೇಲೆ ಕೂತರು, ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ.

ಗ್ಯಾಸ್ ಅಂಗಡಿಯವರು ಬಂದು, ಒಳಗೆ ತಂತಿಬಲೆಯಿದ್ದ, ಐಎಸ್ಐ ಗುರುತಿನ ಕಿತ್ತಳೆ ಪೈಪು ಹಾಕಿದರು. ಒಂದೇ ತುಂಡು, ಎರಡೂ ತುದಿಗೆ ಬಿಗಿ ಕ್ಲಿಪ್ಪು, ಗೋಡೆಯೊಳಗೆ ತೂರಿಸುವಂತಿಲ್ಲ, ಒಲೆ ಸಿಲಿಂಡರಿಗಿಂತ ಮೇಲೆ ಕಟ್ಟೆಯ ಮೇಲಿರಬೇಕು. ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು ಎಂದೂ ಹೇಳಿದರು. ಟಿವಿಯೇ ಅಡುಗೆಮನೆಯ ಬಾಗಿಲಿಗೆ ಬಂತು.

ಅಲ್ಲಿಂದ ಸರ್ವಮಂಗಳಾಗೆ ಕಂಡ ಕಂಡ ಗ್ಯಾಸ್ ಪೈಪಿಗೆಲ್ಲ ನೊರೆ ಬಳಿದು ನೋಡುವ ಹುಚ್ಚು ಹಿಡಿಯಿತು. ನೆಂಟರ ಮನೆಗೆ ಹೋದರೆ ಕಾಫಿಗೂ ಮೊದಲು ನೊರೆಯ ಬಟ್ಟಲು ಕೇಳುವಳು. ಹತ್ತಿರದ ಕಳಲೆ ಊರಿನಲ್ಲಿ ಒಂದು ನಿಶ್ಚಿತಾರ್ಥದ ದಿನ ಅಡುಗೆಯ ಕಲ್ಲಯ್ಯ, "ಪಾಯಸ ಸೀದೋಯ್ತದೆ, ಓಗವ್ವಾ!" ಎಂದು ರೇಗಿದ. ಅವಳು ಬಿಡಲಿಲ್ಲ, ನೊರೆ ಬಳಿದೇ ಬಳಿದಳು. ಅವನ ಪೈಪಿನ ಬಿರುಕಿನಿಂದ ಗುಳ್ಳೆ ಮೇಲೆ ಗುಳ್ಳೆ ಎದ್ದವು. ಕಲ್ಲಯ್ಯ ತಕ್ಷಣ ಗ್ಯಾಸ್ ಮುಚ್ಚಿ, ಹಿತ್ತಲಲ್ಲಿ ಸೌದೆ ಹೊತ್ತಿಸಿದ. ಮೊದಲ ಲೋಟ ಪಾಯಸ ಅವಳಿಗೇ ಸಂದಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಪುಟ್ಟಬಸಮ್ಮ ಕಲ್ಲಯ್ಯನ ಮುಖವನ್ನು ಅಣಕಿಸಿ ತೋರಿಸಿದರು. ಅತ್ತೆ ಸೊಸೆ ಬಿದ್ದು ಬಿದ್ದು ನಕ್ಕು, ನಂಜನಗೂಡಿನಲ್ಲಿ ಇಳಿಯುವುದನ್ನೇ ಮರೆತರು.